ಎಂಜಿನ್ ಹೋಯ್ತು ಅಂದ ತಕ್ಷಣ ಗುಜರಿಗೆ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಎಂಜಿನ್ ಕೆಟ್ಟು ನಿಂತಿರೋ ಕಾರನ್ನ ರಿಪೇರಿ ಮಾಡಿಸ್ಬೇಕಾ ಇಲ್ಲಾ ಗುಜರಿಗೆ ಹಾಕ್ಬೇಕಾ ಅಂತ ಓದುಗರೊಬ್ರು ಕೇಳಿದ ಪ್ರಶ್ನೆಗೆ ನಿಮ್ಮ ವಾಹನ ಪುಟದಲ್ಲಿ ಎರಡೇ ಸಾಲಲ್ಲಿ ಉತ್ತರ ಬಂದಿತ್ತು, ಖರ್ಚು ಕಾರಿನ ಬೆಲೆಯ ಅರ್ಧ ದಾಟಿದ್ರೆ ಕೊಟ್ಬಿಡಿ, ದಾಟದಿದ್ರೆ ಮಾಡ್ಸಿ ಅಂತ. ಈ ಅರ್ಧದ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಕೇಳೋಕೂ ಚೆನ್ನಾಗಿದೆ, ಆದ್ರೆ ಅದನ್ನ ನಂಬಿ ಚೆನ್ನಾಗಿರೋ ಕಾರುಗಳು ಗುಜರಿ ಸೇರ್ತಿರೋದೂ, ಸೇರ್ಬೇಕಾದ ಕಾರುಗಳಿಗೆ ಜನ ದುಡ್ಡು ಸುರೀತಿರೋದೂ ಎರಡೂ ನಡೀತಿದೆ ಅಂತ ಹೇಳೋಕೇ ಈ ಪತ್ರ. ನಾನು ಎಂಜಿನ್ ಬೋರಿಂಗ್, ಹೆಡ್ ಫೇಸಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡೋ ಕಡೆ ಕೆಲಸ ಮಾಡೋನು, ಅಂದ್ರೆ ಪಿಸ್ಟನ್ ಓಡಾಡೋ ಬೋರು, ಅದರ ಮೇಲೆ ಮುಚ್ಚೋ ಹೆಡ್ಡು, ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ದಂಡ, ಇವನ್ನ ಕೊರೆದು ಉಜ್ಜಿ ಅಳತೆಗೆ ತರೋ ಕೆಲಸ. ಗ್ಯಾರೇಜಿನವರು ಬಿಚ್ಚಿದ ಸಾಮಾನು ನಮ್ಮ ಟೇಬಲ್ಲಿಗೆ ಬರುತ್ತೆ, ಓನರ್ ಮುಖ ನಾವು ನೋಡೋದು ಅಪರೂಪ, ಆದ್ರೆ ಅವರ ಕಾರಿಗೆ ನಿಜವಾಗ್ಲೂ ಏನಾಗಿತ್ತು ಅನ್ನೋದು ಗೊತ್ತಾಗೋದು ಆ ಸಾಮಾನು ತೊಳೆದು ಅಳತೆ ಹಿಡಿದ ಮೇಲೇನೇ.

ಮೊದಲ್ನೇ ತಕರಾರು ಏನಂದ್ರೆ, "ಎಂಜಿನ್ ಹೋಯ್ತು" ಅನ್ನೋದು ಒಂದು ಕಾಯಿಲೆ ಹೆಸರೇ ಅಲ್ಲ. ಕಾರು ನಿಂತು ಹೋದ್ರೂ ಎಂಜಿನ್ ಹೋಯ್ತು, ಹೊಗೆ ಬಂದ್ರೂ ಎಂಜಿನ್ ಹೋಯ್ತು, ಕಟಕಟ ಸದ್ದು ಬಂದ್ರೂ ಎಂಜಿನ್ ಹೋಯ್ತು. ಕ್ರ್ಯಾಂಕ್ ಸೆನ್ಸರ್ ಅಂತ ಬೆರಳುದ್ದದ ಒಂದು ಸಾಮಾನು ಕೆಟ್ರೂ ಕಾರು ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ಟ್ಯಾಂಕ್ ಒಳಗಿನ ಪಂಪ್ ಹೋದ್ರೂ ಆಗಲ್ಲ, ಕೀ ಒಳಗಿನ ಚಿಪ್ಪನ್ನ ಕಾರು ಗುರುತು ಹಿಡೀದೇ ಇದ್ರೂ ಆಗಲ್ಲ. ಎಂಜಿನ್ ತಿರುಗ್ತಾನೇ ಇಲ್ಲ, ಸೀಜ್ ಆಗಿದೆ ಅಂತ ಹೇಳಿ ಟೋ ಮಾಡ್ಕೊಂಡು ಬಂದ ಗಾಡಿಲಿ ನೋಡಿದ್ರೆ ಜಾಮ್ ಆಗಿರೋದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ರೋ ಎಸಿ ಕಂಪ್ರೆಸರ್ರೋ ಆಗಿರೋದೂ ಉಂಟು, ಹೊರಗಿನ ಬೆಲ್ಟ್ ತೆಗೆದು ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದ್ರೆ ಎಂಜಿನ್ ಆರಾಮಾಗಿ ಸುತ್ತುತ್ತೆ. ಈ ಪರೀಕ್ಷೆಗೆ ಎಷ್ಟು ಹೊತ್ತು ಬೇಕು ಹೇಳಿ? ಆದ್ರೂ ಇದನ್ನ ಮಾಡ್ದೇನೇ ಫೋನಲ್ಲೇ "ಸಾರ್ ಎಂಜಿನ್ ಹೋಗಿದೆ, ಫುಲ್ ಎಂಜಿನ್ ಕೆಲಸ ಬೀಳುತ್ತೆ" ಅಂತ ಹೇಳೋರು ಇದಾರೆ, ಅದನ್ನ ಕೇಳಿ ತಲೆ ಮೇಲೆ ಕೈ ಹೊತ್ಕೊಂಡು ಗುಜರಿಯವರ ನಂಬರ್ ಹುಡುಕೋರೂ ಇದಾರೆ. ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ.

ಸರಿ, ನಿಜವಾಗ್ಲೂ ಎಂಜಿನ್ನೇ ಕೆಟ್ಟಿದೆ ಅಂತಾನೇ ಇಟ್ಕೊಳ್ಳಿ. ಆಗ್ಲೂ ಹೇಗೆ ಕೆಡ್ತು ಅನ್ನೋದರ ಮೇಲೆ ಎಲ್ಲಾ ನಿಂತಿರುತ್ತೆ.

ನಮ್ಮ ಕಡೆ ಹೆಚ್ಚಾಗಿ ಬರೋದು ಬಿಸಿ ಆಗಿ ಕೆಟ್ಟಿದ್ದು. ಒಂದು ಹೋಸ್ ಒಡೆಯುತ್ತೆ, ಇಲ್ಲಾ ರೇಡಿಯೇಟರ್ ಫ್ಯಾನ್ ತಿರುಗಲ್ಲ, ಇಲ್ಲಾ ವಾಟರ್ ಪಂಪಿಂದ ತೊಟ್ಟು ತೊಟ್ಟು ಸೋರಿ ಕೂಲೆಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ನೀರು, ಖಾಲಿ ಆಗಿರುತ್ತೆ. ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಟೆಂಪರೇಚರ್ ಸೆನ್ಸರ್ ಕೂಲೆಂಟಲ್ಲಿ ಮುಳುಗಿದ್ರೆ ಮಾತ್ರ ಸರಿಯಾಗಿ ಓದುತ್ತೆ, ನೀರೇ ಹೋಗ್ಬಿಟ್ರೆ ಸೆನ್ಸರ್ ಖಾಲಿ ಜಾಗದಲ್ಲಿ ಕೂತಿರುತ್ತೆ, ಆಗ ಮೇಲೆ ಹೋಗಿದ್ದ ಮುಳ್ಳು ಕೆಳಗೆ ಇಳಿದ್ಬಿಡಬಹುದು. ಓಡಿಸೋರು ಅಬ್ಬಾ ತಣ್ಣಗಾಯ್ತು ಅಂತ ಮುಂದೆ ಹೋಗ್ತಾರೆ, ಒಳಗೆ ಹೆಡ್ ಬೇಯ್ತಾ ಇರುತ್ತೆ. ಅಲ್ಯುಮಿನಿಯಂ ಬಿಸಿಗೆ ಹಿಗ್ಗೋದು ಬೀಡು ಕಬ್ಬಿಣದ ಸುಮಾರು ಎರಡು ಪಟ್ಟು, ಹೆಡ್ ಅಲ್ಯುಮಿನಿಯಂದು, ಕೆಳಗೆ ಸಿಲಿಂಡರುಗಳಿರೋ ಬ್ಲಾಕ್ ಬಹಳಷ್ಟು ಎಂಜಿನ್‌ಗಳಲ್ಲಿ ಬೀಡಿಂದು, ಬೋಲ್ಟ್ ಹಾಕಿ ಬಿಗಿದಿರೋದ್ರಿಂದ ಹಿಗ್ಗೋಕೆ ಜಾಗ ಇಲ್ದೆ ಹೆಡ್ ಬಾಗುತ್ತೆ, ನಡುವೆ ಸೋರದ ಹಾಗೆ ಹಾಕಿರೋ ಗ್ಯಾಸ್ಕೆಟ್ ಪದರ ಸುಡುತ್ತೆ. ಹೆಡ್ ನಮ್ಮ ಹತ್ರ ಬಂದಾಗ ಅದನ್ನ ತೊಳೆದು ಮಗುಚಿ ಹಾಕಿ ಮೇಲೆ ಸ್ಟ್ರೈಟ್ ಎಡ್ಜ್ ಅನ್ನೋ ನೇರ ಪಟ್ಟಿ ಇಟ್ಟು ಕೆಳಗೆ ಫೀಲರ್ ಗೇಜಿನ ಎಲೆ, ಅಂದ್ರೆ ದಪ್ಪ ಗೊತ್ತಿರೋ ತೆಳು ತಗಡು, ತೂರಿಸಿ ನೋಡ್ತೀವಿ, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಹೆಚ್ಚಿನ ಕಂಪನಿಗಳು ಒಪ್ಪೋ ಬಾಗು 0.05ರಿಂದ 0.1 ಮಿಲಿಮೀಟರ್ ಅಷ್ಟೇ, ತಲೆಕೂದಲಿನ ದಪ್ಪ ಅಂದ್ಕೊಳ್ಳಿ. ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ರೆ ಫೇಸಿಂಗ್ ಹೊಡೆದು ಸಪಾಟು ಮಾಡ್ಬಹುದು, ಪ್ರೆಶರ್ ಟೆಸ್ಟ್ ಮಾಡಿ ಬಿರುಕು ಇಲ್ಲ ಅಂತ ಆದ್ರೆ ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್ ಹಾಕಿ ಕೂರಿಸಿದ್ರೆ ಆ ಎಂಜಿನ್ ಮತ್ತೆ ವರ್ಷಗಟ್ಟಲೆ ಓಡುತ್ತೆ. ಹೊಸ ಬೋಲ್ಟ್ ಅಂತ ಒತ್ತಿ ಹೇಳ್ತೀನಿ ಯಾಕಂದ್ರೆ ಈಗಿನ ಎಂಜಿನ್‌ಗಳಲ್ಲಿ ಬಹಳಷ್ಟರಲ್ಲಿ ಹೆಡ್ ಬೋಲ್ಟ್ ಬಿಗಿದಾಗ ಎಳೆದುಕೊಳ್ಳೋ ಥರದ್ದು, ಒಂದೇ ಸಲ ಬಳಸೋಕೆ ಮಾಡಿರೋದು, ಹಳೇದನ್ನೇ ಹಾಕಿ ಉಳಿಸಿದ ಚೂರು ದುಡ್ಡಿಗೆ ಇಡೀ ಕೆಲಸ ಎರಡನೇ ಸಲ ಆಗುತ್ತೆ. ಇದು ಕಾರನ್ನ ಗುಜರಿಗೆ ಹಾಕೋ ಕೇಸೇ ಅಲ್ಲ. ಆದ್ರೆ ಅದೇ ಬಿಸಿ ಆದ ಕಾರನ್ನ ನಿಲ್ಲಿಸ್ದೇ ಇನ್ನೂ ಅಷ್ಟು ದೂರ ಓಡಿಸಿದ್ರೆ, ಪಿಸ್ಟನ್ ಬೋರನ್ನ ಗೀರಿ, ಹೆಡ್ ಮೆತ್ತಗಾಗಿ, ಗಾಳಿ ಹೊಗೆ ಒಳಗೆ ಹೊರಗೆ ಬಿಡೋ ವಾಲ್ವ್ ಬಂದು ಕೂರೋ ಸೀಟ್ ಸಡಿಲ ಆಗಿ, ಲೆಕ್ಕ ಬೇರೇನೇ ಆಗುತ್ತೆ. ಎರಡಕ್ಕೂ ಹೊರಗಿಂದ ಕಾಣೋದು ಒಂದೇ, ಬಾನೆಟ್ಟಿಂದ ಹಬೆ.

ಪಿಸ್ಟನ್ನನ್ನೂ ವಾಲ್ವನ್ನೂ ಒಂದೇ ತಾಳಕ್ಕೆ ಓಡಿಸೋ ಟೈಮಿಂಗ್ ಬೆಲ್ಟ್ ಕಟ್ ಆಗಿದ್ದು ಇನ್ನೊಂದು ಥರ. ಪಿಸ್ಟನ್ ಮೇಲೆ ಬರೋ ಹೊತ್ತಿಗೆ ವಾಲ್ವ್ ತೆರೆದೇ ಇದ್ರೆ ಎರಡಕ್ಕೂ ಡಿಕ್ಕಿ, ವಾಲ್ವ್ ಬಾಗುತ್ತೆ. ಕೆಲವು ಎಂಜಿನ್‌ಗಳಲ್ಲಿ ಮಧ್ಯೆ ಜಾಗ ಇರುತ್ತೆ, ಬೆಲ್ಟ್ ಹೋದ್ರೂ ಒಳಗೆ ಏನೂ ಆಗಿರಲ್ಲ, ಹೊಸ ಬೆಲ್ಟ್ ಹಾಕಿದ್ರೆ ಮುಗೀತು. ಡೀಸೆಲ್‌ಗಳಲ್ಲಿ ಆ ಅದೃಷ್ಟ ಸಿಗೋದು ಕಷ್ಟ. ಆದ್ರೆ ವಾಲ್ವ್ ಬಾಗಿದ್ರೂ ಪಿಸ್ಟನ್ ತಲೆ ಮೇಲೆ ಸಣ್ಣ ಗುರುತು ಬಿಟ್ಟು ಬೇರೆ ಏನೂ ಆಗಿಲ್ಲ ಅಂದ್ರೆ ಕೆಲಸ ಹೆಡ್ಡಿಗೇ ಮುಗಿಯುತ್ತೆ, ಕೆಳಗಿನ ಅರ್ಧ ಮುಟ್ಟೋದೇ ಬೇಡ. ಪೆಟ್ರೋಲ್ ಎಂಜಿನ್ನಲ್ಲಿ ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಲ್ಲಿ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದ್ರೆ ಸುಮಾರು ವಿಷಯ ಬಿಚ್ಚದೇನೇ ಗೊತ್ತಾಗುತ್ತೆ.

ನೀರು ನುಗ್ಗಿದ ಎಂಜಿನ್ ಬಗ್ಗೆ ಒಂದೇ ಮಾತು. ನೀರು ಒತ್ತಿದ್ರೆ ಕುಗ್ಗಲ್ಲ, ಸಿಲಿಂಡರೊಳಗೆ ನೀರು ಹೋದ್ಮೇಲೆ ಎಂಜಿನ್ ತಿರುಗಿದ್ರೆ ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡ್ ಬಾಗುತ್ತೆ. ನೀರಲ್ಲಿ ನಿಂತ ಕಾರನ್ನ ಮತ್ತೆ ಮತ್ತೆ ಸೆಲ್ಫ್ ಹೊಡೆಯೋದ್ರಿಂದಾನೇ ಅರ್ಧ ಎಂಜಿನ್‌ಗಳು ಸಾಯ್ತವೆ ಅನ್ಸುತ್ತೆ ನಂಗೆ, ಹಾಗೇ ಬಿಟ್ಟು ಎಳ್ಕೊಂಡು ಹೋಗಿ ಪ್ಲಗ್ ತೆಗೆದು ನೀರು ಹೊರಗೆ ಹಾಕಿದ್ರೆ ಬದುಕೋದು ಎಷ್ಟೋ ಇದಾವೆ. ಆದ್ರೆ ಕಾರು ಸೀಟಿನ ಮಟ್ಟಕ್ಕೆ ಮುಳುಗಿತ್ತು ಅಂದ್ರೆ ಎಂಜಿನ್ ವಿಚಾರಾನೇ ಬಿಡಿ, ವೈರಿಂಗು, ಕನೆಕ್ಟರುಗಳು, ಕಂಟ್ರೋಲ್ ಯೂನಿಟ್ಟುಗಳು ತಿಂಗಳುಗಟ್ಟಲೆ ಆದ್ಮೇಲೆ ಒಂದೊಂದಾಗಿ ಹಸಿರು ಕಿಲುಬು ಹಿಡಿದು ಕೈ ಕೊಡ್ತಾ ಹೋಗ್ತವೆ, ಅಂಥ ಕಾರಿಗೆ ಹೊಸ ಎಂಜಿನ್ ಹಾಕ್ಸೋದು ದುಡ್ಡಿಗೆ ದಂಡ.

ನಿಜವಾಗ್ಲೂ ದೊಡ್ಡ ಕೆಲಸ ಅಂದ್ರೆ ಆಯಿಲ್ ಇಲ್ದೆ ಓಡಿದ್ದು. ಡ್ಯಾಶ್‌ಬೋರ್ಡಲ್ಲಿ ಆ ಕೆಂಪು ಆಯಿಲ್ ಲೈಟ್ ಇದ್ಯಲ್ಲ, ಅದು ಆಯಿಲ್ ಕಮ್ಮಿ ಆಗಿದೆ ಅಂತ ಹೇಳೋಕೆ ಇರೋದಲ್ಲ, ಒತ್ತಡ ಬಹುತೇಕ ಕುಸಿದು ಹೋದ್ಮೇಲೆ ಹತ್ತೋದು ಅದು, ಅದನ್ನ ನೋಡಿ ಮುಂದಿನ ಪೆಟ್ರೋಲ್ ಬಂಕಲ್ಲಿ ನೋಡೋಣ ಅಂದ್ರೆ ಕ್ರ್ಯಾಂಕ್ ಕೂತು ತಿರುಗೋ ಬೇರಿಂಗ್ ಅಷ್ಟರಲ್ಲೇ ಕಥೆ ಮುಗಿಸಿರುತ್ತೆ. ಕ್ರ್ಯಾಂಕಿಗೂ ಬೇರಿಂಗಿಗೂ ಮಧ್ಯೆ ಇರೋ ಸಂದು ಮಿಲಿಮೀಟರನ್ನ ನೂರು ಭಾಗ ಮಾಡಿದ್ರೆ ಅದರಲ್ಲಿ ಕೆಲವೇ ಭಾಗ, ಆ ಸಂದಲ್ಲಿ ಆಯಿಲ್ ಪೊರೆ ನಿಂತಿದ್ರೆ ಲೋಹಕ್ಕೆ ಲೋಹ ತಾಗಲ್ಲ, ಪೊರೆ ಹೋದ್ರೆ ಉಜ್ಜಿ ಉಜ್ಜಿ ಅಂಟ್ಕೊಳ್ಳುತ್ತೆ. ಬೇರಿಂಗ್ ಹೋಗಿದ್ಯಾ ಇಲ್ವಾ ನೋಡೋಕೆ ಎಂಜಿನ್ ಪೂರ್ತಿ ಇಳಿಸ್ಬೇಕು ಅಂತಿಲ್ಲ. ಆಯಿಲ್ ಫಿಲ್ಟರ್ ಬಿಚ್ಚಿ ಅದರ ಡಬ್ಬಿ ಕುಯ್ದು ಒಳಗಿನ ಕಾಗದದ ಮಡಿಕೆಗಳನ್ನ ಬಿಡಿಸಿ ಬೆಳಕಿಗೆ ಹಿಡೀರಿ. ಒಳ್ಳೇ ಎಂಜಿನ್ನಿನ ಫಿಲ್ಟರ್ ಬರೀ ಕಪ್ಪಗಿರುತ್ತೆ, ಬೇರಿಂಗ್ ತಿಂದಿರೋ ಎಂಜಿನ್ನಿಂದು ಆ ಕಪ್ಪು ಮಡಿಕೆ ಒಳಗೆ ಮಿಣ ಮಿಣ ಅನ್ನುತ್ತೆ, ಬೆಳ್ಳಿ ಬಣ್ಣದ ಹುಡಿ, ಇನ್ನೂ ಮುಂದೆ ಹೋಗಿದ್ರೆ ತಾಮ್ರದ ಬಣ್ಣದ ಚೂರು, ಯಾಕಂದ್ರೆ ಬೇರಿಂಗಿನ ಮೇಲಿನ ಪದರ ಸವೆದು ಒಳಗಿನ ತಾಮ್ರದ ಪದರ ಬಂದ್ಬಿಟ್ಟಿರುತ್ತೆ. ಇಷ್ಟು ಕಂಡ್ರೆ ಕ್ರ್ಯಾಂಕ್ ಇಳಿಸಿ ಗ್ರೈಂಡ್ ಮಾಡಿ ಆ ಸಣ್ಣ ಅಳತೆಗೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕೋದೋ ಇಲ್ಲಾ ಎಂಜಿನ್ನೇ ಬದಲಾಯಿಸೋದೋ, ಎರಡರಲ್ಲಿ ಒಂದು. ರಾಡ್ ಕಿತ್ಕೊಂಡು ಬ್ಲಾಕಿನ ಗೋಡೇಲಿ ತೂತು ಮಾಡ್ಕೊಂಡು ಹೊರಗೆ ಬಂದಿದ್ರೆ ಪ್ರಶ್ನೆ ಕೇಳೋದೇ ಬೇಡ, ಆ ಬ್ಲಾಕ್ ತೂಕಕ್ಕೆ ಹೋಗೋದೇ ಸರಿ.

ಇನ್ನು ಹೊಗೆ ಬರುತ್ತೆ, ಪಿಕಪ್ ಇಲ್ಲ, ಆಯಿಲ್ ಕುಡಿಯುತ್ತೆ ಅನ್ನೋದು ಸಾವಲ್ಲ, ಮುಪ್ಪು. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ, ಕಪ್ಪು ಹೊಗೆ ಅಂದ್ರೆ ಇಂಧನ ಜಾಸ್ತಿ ಹೋಗ್ತಿದೆ, ಎಂಜಿನ್ ಬಿಸಿ ಆದ್ಮೇಲೂ ನಿಲ್ಲದ ಬಿಳಿ ಹೊಗೆ ಜೊತೆಗೆ ಸಿಹಿ ವಾಸನೆ ಅಂದ್ರೆ ಕೂಲೆಂಟ್ ಒಳಗೆ ಹೋಗ್ತಿದೆ. ಇದಕ್ಕೆ ಕಂಪ್ರೆಶನ್ ಟೆಸ್ಟ್ ಮಾಡಿಸ್ಬೇಕು, ಅಂದ್ರೆ ಸಿಲಿಂಡರ್ ಒಳಗಿನ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತೆ ಅಂತ ಅಳೆಯೋದು. ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಗೇಜ್ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ತೋರಿಸುತ್ತೆ, ಡೀಸೆಲ್ಲಲ್ಲಿ ಅದರ ಎರಡು ಪಟ್ಟು ಹತ್ರ ಇಲ್ಲಾ ಇನ್ನೂ ಮೇಲೆ, ಆದ್ರೆ ಆ ಅಂಕಿಗಿಂತ ಮುಖ್ಯ ಸಿಲಿಂಡರ್ ಸಿಲಿಂಡರಿಗೆ ಎಷ್ಟು ವ್ಯತ್ಯಾಸ ಇದೆ ಅನ್ನೋದು. ಮೂರು ಸರಿ ಇದ್ದು ಒಂದು ಮಾತ್ರ ಬಿದ್ದಿದ್ರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ, ಅಂಕಿ ಏರಿದ್ರೆ ಪಿಸ್ಟನ್ ಸುತ್ತ ಇರೋ ರಿಂಗ್ ಹೋಗಿದೆ, ಏರ್ಲಿಲ್ಲ ಅಂದ್ರೆ ವಾಲ್ವೋ ಗ್ಯಾಸ್ಕೆಟ್ಟೋ. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ರೆ ಹೆಚ್ಚಾಗಿ ಅವೆರಡರ ಮಧ್ಯೆ ಗ್ಯಾಸ್ಕೆಟ್ ಸುಟ್ಟಿರುತ್ತೆ. ಇನ್ನೂ ಗಟ್ಟಿ ಬೇಕು ಅಂದ್ರೆ ಲೀಕ್‌ಡೌನ್ ಟೆಸ್ಟ್ ಇದೆ, ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಬಿಟ್ಟು ಎಲ್ಲಿಂದ ಸೋರುತ್ತೆ ಅಂತ ಕಿವಿ ಕೊಟ್ಟು ಕೇಳೋದು, ಸೈಲೆನ್ಸರ್ ಪೈಪಲ್ಲಿ ಬುಸ್ ಅಂದ್ರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕೋ ಬಾಯಲ್ಲಿ ಬಂದ್ರೆ ರಿಂಗು, ರೇಡಿಯೇಟರಲ್ಲಿ ಗುಳ್ಳೆ ಎದ್ರೆ ಗ್ಯಾಸ್ಕೆಟ್ಟು ಇಲ್ಲಾ ಹೆಡ್ ಬಿರುಕು. ಇದರಲ್ಲಿ ಮಂತ್ರ ತಂತ್ರ ಏನೂ ಇಲ್ಲ.

ನಾನು ಹೇಳ್ಬೇಕು ಅಂತಿರೋದು ಇಷ್ಟೇ ಸಾರ್, ಇದನ್ನೆಲ್ಲಾ ನೋಡೋಕೂ ಒಂದು ಕೂಲಿ ಇದೆ, ಆ ಕೂಲೀನ ಬೇರೆಯಾಗಿ ಕೊಟ್ಟು ಏನಾಗಿದೆ ಅಂತ ಬರೆಸ್ಕೊಳ್ಳಿ, ಆಮೇಲೆ ರಿಪೇರಿಯೋ ಗುಜರಿಯೋ ಯೋಚ್ನೆ ಮಾಡಿ. ನಮ್ಮ ಜನ ಈ ಒಂದು ಕೂಲಿ ಕೊಡೋಕೆ ಹಿಂದೆ ಮುಂದೆ ನೋಡ್ತಾರೆ, ನೋಡೋಕೆ ಏನ್ರೀ ದುಡ್ಡು ಅಂತಾರೆ. ಫ್ರೀಯಾಗಿ ನೋಡಿ ಹೇಳೋ ಮೆಕ್ಯಾನಿಕ್ಕಿಗೆ ದುಡ್ಡು ಬರೋದು ಕೆಲಸ ಸಿಕ್ರೆ ಮಾತ್ರ, ಹಾಗಾಗಿ ಅವರ ಉತ್ತರ ದೊಡ್ಡ ಕೆಲಸದ ಕಡೆ ವಾಲೋದು ಸಹಜ, ಕೆಟ್ಟವರು ಅಂತಲ್ಲ. ಕಾರು ಕೊಂಡ್ಕೊಳ್ಳೋಕೆ ಬಂದವರು ನೋಡಿದ್ರೆ ಅವರ ಉತ್ತರ ಇನ್ನೊಂದು ಕಡೆ ವಾಲುತ್ತೆ, "ಇದಕ್ಕೆ ಎಂಜಿನ್ ಸಿಗಲ್ಲ ಬಿಡಿ" ಅಂತ. ಕೂಲಿ ತಗೊಂಡು ನೋಡಿದವರು ಮಾತ್ರ ನಿಮ್ಮ ಕಡೆಯವರು. ಕೊಟ್ಟ ವರದೀಲಿ ಯಾವ ಸಿಲಿಂಡರಿಗೆ ಎಷ್ಟು ಬಂತು, ಆಯಿಲ್ ಹೇಗಿತ್ತು, ಫೋಟೋ, ಇಷ್ಟು ಇರ್ಬೇಕು, "ಎಂಜಿನ್ ವೀಕ್" ಅಂತ ಬರೆದ್ರೆ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು.

ಈಗ ಆ ಅರ್ಧದ ಲೆಕ್ಕಕ್ಕೆ ಬರ್ತೀನಿ. ಓಡೋ ಸ್ಥಿತೀಲಿ ನಿಮ್ಮ ಕಾರಿಗೆ ಮಾರ್ಕೆಟ್ಟಲ್ಲಿ 100 ಸಿಗುತ್ತೆ ಅಂತ ಇಟ್ಕೊಳ್ಳಿ, ಎಂಜಿನ್ ಕೆಟ್ಟ ಸ್ಥಿತೀಲಿ ಹಾಗೇ ಎತ್ಕೊಂಡು ಹೋಗೋರು 25 ಕೊಡ್ತಾರೆ, ರಿಪೇರಿ 60. ಅರ್ಧದ ಲೆಕ್ಕ ಹೇಳುತ್ತೆ, 60 ಅನ್ನೋದು 50ಕ್ಕಿಂತ ಜಾಸ್ತಿ, ಕೊಟ್ಬಿಡಿ. ಆದ್ರೆ ರಿಪೇರಿ ಮಾಡ್ಸಿ ಮಾರಿದ್ರೂ ಕೈಗೆ 40 ಉಳಿಯುತ್ತೆ, ಹಾಗೇ ಕೊಟ್ರೆ 25. ಇಟ್ಕೊಂಡು ಓಡಿಸಿದ್ರಂತೂ ಇನ್ನೂ ವಾಸಿ, ಯಾಕಂದ್ರೆ ಅಂಥದ್ದೇ ಇನ್ನೊಂದು ಹಳೇ ಕಾರು ತಗೊಳ್ಳೋಕೆ ನೀವು 100 ಕೊಡ್ಬೇಕು, ಅದರ ಎಂಜಿನ್ ಒಳಗೆ ಏನಿದೆ ಅಂತ ಯಾರಿಗೆ ಗೊತ್ತು. ಈಗ ಲೆಕ್ಕ ತಿರುಗಿಸಿ, ಕೆಟ್ಟ ಸ್ಥಿತೀಲೇ 50 ಕೊಡೋರು ಸಿಕ್ರು ಅಂದ್ಕೊಳ್ಳಿ, ಬಿಡಿಭಾಗಕ್ಕೆ ಬೇಡಿಕೆ ಇರೋ ಮಾಡೆಲ್ಲುಗಳಿಗೆ ಹಾಗೆ ಸಿಗೋದುಂಟು, ಆಗ ಅದೇ 60ರ ರಿಪೇರಿ ಮಾಡ್ಸಿ ಮಾರೋನಿಗೆ 10 ಲುಕ್ಸಾನು. ರಿಪೇರಿ ಖರ್ಚೂ ಅದೇ, ಕಾರಿನ ಬೆಲೇನೂ ಅದೇ, ಉತ್ತರ ಮಾತ್ರ ಉಲ್ಟಾ. ಅರ್ಧದ ಲೆಕ್ಕ ನೋಡೋದು ಎರಡೇ ಅಂಕಿ, ಬೇಕಾಗಿರೋದು ಮೂರು, ಆ ಮೂರನೇದನ್ನ ಅಂದ್ರೆ ಕೆಟ್ಟ ಸ್ಥಿತೀಲಿ ಎಷ್ಟು ಸಿಗುತ್ತೆ ಅನ್ನೋದನ್ನ ಯಾರೂ ಕೇಳಲ್ಲ, ಕೇಳಿದ್ರೂ ಒಬ್ಬರ ಹತ್ರ ಕೇಳಿ ಬಿಡ್ತಾರೆ.

ನಾಲ್ಕನೇದೂ ಒಂದಿದೆ, ಅದು ಅಂಕಿ ಅಲ್ಲ, ಎಂಜಿನ್ ಬಿಟ್ಟು ಉಳಿದ ಕಾರು. ನನ್ನನ್ನ ಕೇಳಿದ್ರೆ ತೀರ್ಮಾನ ಇರೋದೇ ಅಲ್ಲಿ. ಎಂಜಿನ್ ಅನ್ನೋದು ಬಿಚ್ಚಿ ಹಾಕೋ ಸಾಮಾನು, ಬಾಡಿ ಅಲ್ಲ. ಈಗಿನ ಹೆಚ್ಚಿನ ಕಾರುಗಳಿಗೆ ಚಾಸಿಸ್ ಅಂತ ಕೆಳಗೆ ಬೇರೆ ಚೌಕಟ್ಟು ಇರಲ್ಲ, ಬಾಡೀನೇ ಚಾಸಿಸ್ಸು, ಅದು ತುಕ್ಕು ಹಿಡಿದ್ರೆ ಎಷ್ಟು ಒಳ್ಳೇ ಎಂಜಿನ್ ಹಾಕಿದ್ರೂ ಅಷ್ಟೇ. ಕಾರನ್ನ ಲಿಫ್ಟ್ ಮೇಲೆ ಎತ್ತಿಸಿ ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಬಾಡಿಗೆ ಕೂರೋ ಜಾಗ, ಹಿಂದಿನ ಆಕ್ಸಲ್ ಹಿಡ್ಕೊಂಡಿರೋ ಜಾಗ, ಬ್ರೇಕ್ ಪೈಪು ಇವನ್ನ ನೋಡಿ, ಸ್ಕ್ರೂ ಡ್ರೈವರ್ ಹಿಡಿ ಕಡೆಯಿಂದ ತಟ್ಟಿದ್ರೆ ಠಣ್ ಅನ್ಬೇಕು, ದಪ್ ದಪ್ ಅಂದು ಕಂದು ಚೂರು ಉದುರಿದ್ರೆ ಎಂಜಿನ್ ಮಾತು ಅಲ್ಲಿಗೇ ನಿಲ್ಲಿಸಿ. ಗೇರ್‌ಬಾಕ್ಸ್ ಹೇಗಿದೆ, ಆಟೊಮ್ಯಾಟಿಕ್ ಆದ್ರೆ ಇನ್ನೂ ಜೋಪಾನವಾಗಿ ನೋಡಿ, ಅದು ಕೈ ಕೊಟ್ರೆ ಅದೇ ಇನ್ನೊಂದು ಎಂಜಿನ್ ಖರ್ಚು. ಹೋದ ತಿಂಗಳಷ್ಟೇ ಟೈರ್ ಹಾಕ್ಸಿದೀನಿ ಬ್ಯಾಟರಿ ಹಾಕ್ಸಿದೀನಿ ಅದಕ್ಕೇ ಬಿಡೋಕೆ ಮನಸ್ಸಿಲ್ಲ ಅಂತಾರಲ್ಲ, ಆ ದುಡ್ಡು ಹೋಯ್ತು, ಅದನ್ನ ಹಿಡ್ಕೊಂಡು ಮುಂದಿನ ತೀರ್ಮಾನ ಮಾಡ್ಬಾರ್ದು. ಟೈರ್ ಚೆನ್ನಾಗಿದ್ರೆ ಆ ಟೈರೇ ಬೇರೆ ಮಾರಿ. ಹಾಗೇನೇ ಇನ್ನೊಂದು ಕಡೆ, ಒಂದು ಸಲ ಎಂಜಿನ್ ಬಿಚ್ಚಿದ್ರೆ ಕಾರು ಮೊದಲಿನ ಹಾಗೆ ಇರಲ್ಲ ಅನ್ನೋ ಮಾತೂ ಸುಳ್ಳು, ಸರಿಯಾಗಿ ಅಳತೆ ಹಿಡಿದು ಕೂರಿಸಿದ ಎಂಜಿನ್ ಚೆನ್ನಾಗೇ ಓಡುತ್ತೆ, ಆ ಮಾತು ಹುಟ್ಟಿದ್ದು ಅಳತೆ ಹಿಡೀದೇ ಕೂರಿಸಿದವರಿಂದ.

ರಿಪೇರಿ ಅಂತ ತೀರ್ಮಾನ ಆದ್ರೆ ಅದರಲ್ಲೂ ದಾರಿ ಮೂರು ನಾಲ್ಕಿದೆ. ಹೆಡ್ ಕೆಲಸ ಮಾತ್ರ, ಇಲ್ಲಾ ಪೂರ್ತಿ ಬಿಚ್ಚಿ ಬೋರ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ ಹಾಕೋದು, 0.25, 0.50 ಮಿಲಿಮೀಟರ್ ಹೀಗೆ ಮೆಟ್ಟಿಲಾಗಿ ಸಿಗುತ್ತೆ, ಇಲ್ಲಾ ಫ್ಯಾಕ್ಟರೀಲಿ ಹೊಸದರ ಹಾಗೆ ಮಾಡಿ ಕೊಡೋ ಎಂಜಿನ್, ಇಲ್ಲಾ ಸೆಕೆಂಡ್ ಹ್ಯಾಂಡ್ ಎಂಜಿನ್. ಅಲ್ಯುಮಿನಿಯಂ ಬ್ಲಾಕಿನ ಕೆಲವು ಎಂಜಿನ್‌ಗಳಲ್ಲಿ ಬೋರಿನ ಒಳಮೈಗೆ ತೆಳು ಗಟ್ಟಿ ಲೇಪ ಕೊಟ್ಟಿರ್ತಾರೆ, ಅದಕ್ಕೆ ಮಾಮೂಲಿ ಬೋರಿಂಗ್ ಆಗಲ್ಲ, ಗೊತ್ತಿಲ್ದೆ ಬಿಚ್ಚಿ ಆಮೇಲೆ ನಮ್ಮ ಹತ್ರ ತಂದು ಪೇಚಾಡೋರು ಇದಾರೆ, ಬಿಚ್ಚೋ ಮೊದ್ಲೇ ಕೇಳಿ. ಸೆಕೆಂಡ್ ಹ್ಯಾಂಡ್ ಎಂಜಿನ್ ಬೇಗ ಆಗುತ್ತೆ, ಸುಲಭ ಅನ್ಸುತ್ತೆ, ಆದ್ರೆ ಅದು ಎಷ್ಟು ಓಡಿದೆ ಅನ್ನೋದಕ್ಕೆ ಅವರ ಬಾಯಿ ಮಾತೇ ಸಾಕ್ಷಿ. ಕೂರಿಸೋ ಮುಂಚೆ ಕಂಪ್ರೆಶನ್ ನೋಡಿ, ಆಯಿಲ್ ಹಾಕೋ ಮುಚ್ಚಳ ತೆಗೆದು ಒಳಗೆ ಕಪ್ಪು ಜಿಡ್ಡು ಗಟ್ಟಿ ಕೂತಿದ್ಯಾ ನೋಡಿ, ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್ ಹೊಸದು ಹಾಕ್ಸಿ, ಕೂತ್ಮೇಲೆ ಅದೇ ಸೀಲಿಗೆ ಗೇರ್‌ಬಾಕ್ಸ್ ಇಳಿಸ್ಬೇಕಾಗುತ್ತೆ. ಬಿಲ್ಲು ತಗೊಳ್ಳಿ, ಎಂಜಿನ್ ನಂಬರನ್ನ ಗಾಡಿ ದಾಖಲೇಲಿ ಬರೆಯೋ ಪದ್ಧತಿ ಇದ್ರೆ ಬದಲಾಯಿಸಿಕೊಳ್ಳಿ, ಕದ್ದ ಕಾರಿನ ಎಂಜಿನ್ ಆಗಿದ್ರೆ ಓಡಾಡ್ಬೇಕಾಗೋದು ನೀವೇ.

ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸೋದು ಏನ್ ಗೊತ್ತಾ, ಮೊದಲು ಯಾಕೆ ಕೆಟ್ಟಿತ್ತೋ ಆ ಕಾರಣ ಅಲ್ಲೇ ಬಿಟ್ಟು ಹೊಸ ಎಂಜಿನ್ ಕೂರಿಸೋದು. ರೇಡಿಯೇಟರ್ ಒಳಗೆ ಕಟ್ಕೊಂಡಿತ್ತು, ಅದಕ್ಕೇ ಬಿಸಿ ಆಯ್ತು, ಹೆಡ್ ಮಾಡ್ಸಿದ್ರು, ರೇಡಿಯೇಟರ್ ಅದೇ ಹಾಕಿದ್ರು, ಆ ಹೆಡ್ಡು ಮತ್ತೆ ನಮ್ಮ ಟೇಬಲ್ಲಿಗೆ. ಬೇರಿಂಗ್ ಹೋದ ಎಂಜಿನ್‌ಗಳಲ್ಲಿ ಇದು ಇನ್ನೂ ಮೋಸ, ಲೋಹದ ಹುಡಿ ಆಯಿಲ್ ಜೊತೆ ಸುತ್ತಿ ಆಯಿಲ್ ಕೂಲರ್ ಒಳಗಿನ ಸಣ್ಣ ಸಣ್ಣ ದಾರೀಲಿ ಹೋಗಿ ಕೂತಿರುತ್ತೆ, ಟರ್ಬೊ ಇದ್ರೆ ಅದರ ಪೈಪಲ್ಲೂ ಇರುತ್ತೆ, ಬರೀ ತೊಳೆದ್ರೆ ಪೂರ್ತಿ ಹೋಗಲ್ಲ. ಎಂಜಿನ್ನಿಗೆ ಅಷ್ಟೆಲ್ಲಾ ಹಾಕಿ ಕೂಲರಿಗೆ ಕೈ ಬಿಗಿ ಹಿಡಿದವರ ಹೊಸ ಬೇರಿಂಗಿಗೆ ಹಳೇ ಹುಡಿಯೇ ಊಟ. ಹಾಗಾಗಿ ಎಸ್ಟಿಮೇಟ್ ಕೇಳುವಾಗ ಯಾವ ಕಾರಣಕ್ಕೆ ಕೆಟ್ಟಿದ್ದು, ಅದಕ್ಕೆ ಏನು ಹಾಕ್ತೀರಾ, ಬಿಚ್ಚಿದ ಮೇಲೆ ಇನ್ನೇನಾದ್ರೂ ಸಿಕ್ರೆ ಎಷ್ಟರವರೆಗೆ ಹೋಗ್ಬಹುದು, ಕೇಳ್ದೇ ಮುಂದೆ ಹೋಗ್ಬೇಡಿ ಅಂತ ಅಲ್ಲೇ ಬರೆಸ್ಕೊಳ್ಳಿ. ಗ್ಯಾರಂಟಿ ಸಾಮಾನಿಗೆ ಮಾತ್ರಾನಾ ಕೂಲಿಗೂ ಇದ್ಯಾ ಅಂತ ಕೇಳಿ, ಈ ಪ್ರಶ್ನೆಗೆ ಮುಖ ಸಣ್ಣಗೆ ಮಾಡ್ಕೊಳ್ಳೋರ ಹತ್ರ ಎಂಜಿನ್ ಬಿಚ್ಚಿಸ್ಬೇಡಿ. ಹೊಸದಾಗಿ ಕೂರಿಸಿದ ಎಂಜಿನ್ನಿಗೆ ಮೊದಲ ಆಯಿಲ್ ಬೇಗ ಬದಲಾಯಿಸ್ಬೇಕು, 1000 ಕಿಲೋಮೀಟರ್ ಆಸುಪಾಸಲ್ಲಿ, ಅದನ್ನೂ ಮರೀತಾರೆ.

ಹೊಗೆ ಕಾರುವ ಹಳೇ ಕಾರು ಪರಿಸರಕ್ಕೆ ಕೆಟ್ಟದ್ದು, ಹೊಸದು ತಗೊಳ್ಳೋದೇ ಒಳ್ಳೇದು ಅಂತ ಒಂದು ವಾದ ಇದೆ, ಆಯಿಲ್ ಸುಡೋ ಎಂಜಿನ್ನನ್ನ ಹಾಗೇ ಓಡಿಸೋದು ತಪ್ಪು ಅನ್ನೋದು ನಾನೂ ಒಪ್ತೀನಿ. ಆದ್ರೆ ಒಂದು ಹೊಸ ಕಾರು ತಯಾರಾಗಿ ಬರೋಷ್ಟರಲ್ಲೇ ಹಲವು ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರಿರುತ್ತೆ, ಒಂದು ಮೀಟರೂ ಓಡದೇನೇ. ವರ್ಷಕ್ಕೆ ಸ್ವಲ್ಪವೇ ಓಡಾಡೋರು ಇದನ್ನೂ ಲೆಕ್ಕಕ್ಕೆ ತಗೊಂಡ್ರೆ ಒಳ್ಳೇದು, ಅದಕ್ಕಿಂತ ಜಾಸ್ತಿ ನಾನು ಹೇಳಲ್ಲ, ನನ್ನ ಕೆಲಸ ಅದಲ್ಲ.

ಗುಜರೀನೇ ಸರಿ ಅನ್ನೋ ಕಾರುಗಳೂ ಇದಾವೆ, ತುಕ್ಕು ತಿಂದಿದ್ದು, ಮುಳುಗಿದ್ದು, ಬಿಡಿಭಾಗ ಬರೋದೇ ನಿಂತಿರೋದು, ಎಂಜಿನ್ ಜೊತೆ ಗೇರ್‌ಬಾಕ್ಸೂ ಹೋಗಿರೋದು. ಅಂಥದ್ದನ್ನ ಸೋರೋದು ನಿಲ್ಲಿಸೋ ಔಷಧಿ ಅಂತ ಡಬ್ಬೀಲಿ ಬರೋದನ್ನ ರೇಡಿಯೇಟರಿಗೆ ಸುರಿದು ನಾಲ್ಕು ದಿನ ಓಡೋ ಹಾಗೆ ಮಾಡಿ ಯಾರ ತಲೆಗೋ ಕಟ್ಟೋರು ಇದಾರೆ, ಆ ಔಷಧಿ ಸೋರೋ ಬಿರುಕನ್ನ ಮುಚ್ಚೋ ಹಾಗೇ ಹೀಟರಿನ ಮತ್ತು ರೇಡಿಯೇಟರಿನ ಸಣ್ಣ ಟ್ಯೂಬುಗಳನ್ನೂ ಮುಚ್ಚುತ್ತೆ, ಅದನ್ನ ಕೊಂಡವನು ಆಮೇಲೆ ಹೆಡ್ ಎತ್ಕೊಂಡು ನಮ್ಮ ಹತ್ರ ಬಂದು ಶಾಪ ಹಾಕ್ತಾನೆ. ಕೆಟ್ಟಿದೆ ಅಂತ ಹೇಳೇ ಮಾರಿ, ಟೆಸ್ಟ್ ರಿಪೋರ್ಟ್ ಕೈಲಿದ್ರೆ ಇನ್ನೂ ಒಳ್ಳೇ ಬೆಲೆ ಬರುತ್ತೆ, ಏನಾಗಿದೆ ಅಂತ ಗೊತ್ತಿರೋ ಕೆಟ್ಟ ಎಂಜಿನ್ನಿಗೆ ಮೆಕ್ಯಾನಿಕ್ಕುಗಳು ಧೈರ್ಯವಾಗಿ ದುಡ್ಡು ಹಾಕ್ತಾರೆ.

ಗುಜರಿಗೆ ಕೊಡುವಾಗ್ಲೂ ಬರೀ ಕಬ್ಬಿಣದ ತೂಕಕ್ಕೆ ಕೊಡ್ಬೇಡಿ. ಸೈಲೆನ್ಸರ್ ಲೈನಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತೆ, ಗುಜರಿಯವರಿಗೆ ಅದು ಚೆನ್ನಾಗಿ ಗೊತ್ತು, ಓನರಿಗೇ ಗೊತ್ತಿರಲ್ಲ. ಬ್ಯಾಟರಿಯ ಸೀಸ, ವೈರಿಂಗಿನ ತಾಮ್ರ, ಅಲ್ಯುಮಿನಿಯಂ ವೀಲು, ಗೇರ್‌ಬಾಕ್ಸು ಎಲ್ಲಕ್ಕೂ ಬೇರೆ ಬೇರೆ ಬೆಲೆ. ನೀವೇ ಬಿಚ್ಚೋಕೆ ಹೋಗ್ಬೇಡಿ, ಏರ್‌ಬ್ಯಾಗ್ ಒಳಗೆ ಸಿಡಿಯೋ ಮದ್ದು ಇರುತ್ತೆ, ಎಸಿ ಗ್ಯಾಸನ್ನ ಗಾಳಿಗೆ ಬಿಡ್ಬಾರ್ದು, ಮಷೀನಲ್ಲಿ ಹೀರಿ ತೆಗೀಬೇಕು, ಇದನ್ನೆಲ್ಲಾ ಮಾಡೋ ಪರವಾನಗಿ ಇರೋರ ಹತ್ರಾನೇ ಕೊಡಿ. ಕೊಟ್ಟ ಮೇಲೆ ಗಾಡಿ ಒಡೆದ ಸರ್ಟಿಫಿಕೇಟ್ ತಗೊಂಡು ನೋಂದಣಿ ರದ್ದು ಮಾಡ್ಸೋವರೆಗೂ ಕಾಗದದ ಮೇಲೆ ಆ ಕಾರು ನಿಮ್ಮದೇ. ನಂಬರ್ ಪ್ಲೇಟು ನಿಮ್ಮ ಕೈಲಿ ಇಟ್ಕೊಳ್ಳಿ, ಚಾಸಿಸ್ ನಂಬರ್ ಇರೋ ತಗಡನ್ನ ನಿಮ್ಮ ಕಣ್ಣೆದುರೇ ಕುಯ್ಸಿ, ಇನ್ಶೂರೆನ್ಸ್ ಕಂಪನಿಗೆ ಅವತ್ತೇ ತಿಳಿಸಿ ಉಳಿದ ಅವಧಿ ದುಡ್ಡು ವಾಪಸ್ ಬರುತ್ತಾ ಕೇಳಿ, ಬೇರೆ ಕಾರು ತಗೊಳ್ಳೋದಿದ್ರೆ ಕ್ಲೇಮ್ ಮಾಡದ ವರ್ಷಗಳ ರಿಯಾಯಿತಿ ಅದಕ್ಕೆ ಬರೋ ಹಾಗೆ ಪತ್ರ ತಗೊಳ್ಳಿ. ಗುಜರಿಯವರು "ಅದೆಲ್ಲಾ ನಾವು ನೋಡ್ಕೊತೀವಿ ಬಿಡಿ ಸಾರ್" ಅಂತಾರೆ, ಬಿಡ್ಬೇಡಿ.

ಇತಿ,
ಎಂಜಿನ್ ಬೋರಿಂಗ್ ಕೆಲಸದಲ್ಲಿರೋ ನಿಮ್ಮ ಓದುಗ